ಶರಾವತಿ ಕಣಿವೆಯ ಇಳಿಜಾರಿನ ಕುರಿತು ಇಂಧನ ಸಚಿವರಿಗೊಂದು ಬಹಿರಂಗ ಪತ್ರ

ರಾಜ್ಯದ ಮಾನ್ಯ ಇಂಧನ ಸಚಿವರಿಗೆ,

ವಂದನೆಗಳು.

ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಉದ್ದೇಶಿಸಿರುವ 2000 ಮೆಗಾವಾಟ್ ಸಾಮರ್ಥ್ಯದ ಶರಾವತಿ ಪಂಪ್ಡ್ ಸ್ಟೋರೇಜ್ (ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆತ್ತಿಟ್ಟು, ಬೇಡಿಕೆ ಬಂದಾಗ ಇಳಿಸಿ ವಿದ್ಯುತ್ ತೆಗೆಯುವ) ಯೋಜನೆಯ ಪರವಾಗಿ ಕೇಳಿಬರುವ ಮುಖ್ಯ ವಾದವೆಂದರೆ, ಮೇಲಿನ ಮತ್ತು ಕೆಳಗಿನ ಜಲಾಶಯಗಳೆರಡೂ ಈಗಾಗಲೇ ಇವೆ, ಕೆಲಸದ ಬಹುಪಾಲು ನೆಲದಡಿಯಲ್ಲಿಯೇ ನಡೆಯುತ್ತದೆ ಎಂಬುದು. ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯನ್ನು ಉಂಡ ಸೀಮೆಯವರಿಗೆ ಇದು ಸಮಾಧಾನದ ಮಾತೇ. ಆದರೆ ಆ ಎರಡು ಜಲಾಶಯಗಳ ನಡುವೆ ಇರುವ ನೆಲ ಎಂಥದ್ದು ಎಂಬುದನ್ನು ಈ ವಾದ ಮುಟ್ಟುವುದಿಲ್ಲವಾದ್ದರಿಂದ, ಅದರತ್ತ ತಮ್ಮ ಗಮನ ಸೆಳೆಯಲು ಇದನ್ನು ಬರೆಯುತ್ತಿದ್ದೇನೆ.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ವಾಯವ್ಯಕ್ಕೆ ಹರಿಯುವ ಶರಾವತಿ, ಹರಿದ್ರಾವತಿ, ಎಣ್ಣೆಹೊಳೆಗಳನ್ನು ಕೂಡಿಸಿಕೊಂಡು, ಲಿಂಗನಮಕ್ಕಿಯಲ್ಲಿ ಹಿನ್ನೀರಾಗಿ ಹರಡಿ, ಜೋಗದಲ್ಲಿ 253 ಮೀಟರ್ ಧುಮುಕಿ, ಪಶ್ಚಿಮಕ್ಕೆ ತಿರುಗಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಸುಮಾರು 128 ಕಿಲೋಮೀಟರ್ ಉದ್ದದ ಈ ಹೊಳೆ ತನ್ನ ಎತ್ತರದ ಬಹುಭಾಗವನ್ನು ಕಳೆದುಕೊಳ್ಳುವುದು ಜೋಗ ಮತ್ತು ಗೇರುಸೊಪ್ಪೆಯ ನಡುವಿನ ಕಿರಿದಾದ ಕಮರಿಯಲ್ಲಿ. ತಳಕಳಲೆಯ ನೀರಿನ ಮಟ್ಟಕ್ಕೂ ಗೇರುಸೊಪ್ಪೆಯ ಮಟ್ಟಕ್ಕೂ 450 ಮೀಟರಿಗಿಂತ ಹೆಚ್ಚಿನ ಅಂತರವಿದೆ. ಎಂಜಿನಿಯರುಗಳಿಗೆ ಬೇಕಾದ ಇಳಿಜಾರು ಇದೇ. ಮುಂಗಾರಿನ ಮೋಡಗಳನ್ನು ಎದುರುಗೊಂಡು ನಿತ್ಯಹರಿದ್ವರ್ಣದ ಕಾಡನ್ನು ಸಾಕಿರುವ ಇಳಿಜಾರೂ ಇದೇ. ಇಲ್ಲಿಂದ ಪೂರ್ವಕ್ಕೆ ಹೋದಂತೆ ಮಳೆ ಕಡಿಮೆಯಾಗಿ, ಎಲೆಯುದುರುವ ಕಾಡು ಶುರುವಾಗುತ್ತದೆ.

ಈ ಕಣಿವೆಯ ಸಿದ್ದಾಪುರದ ಮಗ್ಗುಲಿನಲ್ಲಿ ಕತ್ತಲೆಕಾನು ಎಂಬ ಕಾಡಿದೆ. ಅಲ್ಲಿಯ ರಾಮಪತ್ರೆ ಮರಗಳ ಜೌಗು ನೆಲವಾದ ಜಡ್ಡಿಗಳಲ್ಲಿ ಕಡುಬೇಸಿಗೆಯಲ್ಲೂ ಕೆಸರು ಆರುವುದಿಲ್ಲ. ಉಸಿರಾಟಕ್ಕೆಂದು ಮರದ ಬೇರುಗಳು ಮಂಡಿ ಮಡಿಸಿದಂತೆ ಕೆಸರಿನಿಂದ ಮೇಲೆದ್ದು ಮತ್ತೆ ಒಳಗಿಳಿಯುತ್ತವೆ. ತೊರೆಯ ದಿಕ್ಕು ತುಸು ಬದಲಾದರೂ ಜಡ್ಡಿ ಒಣಗುತ್ತದೆ, ಒಣಗಿದರೆ ಆ ಮರಗಳಿಗೆ ಬೇರೆ ನೆಲೆಯಿಲ್ಲ. ಸಿಂಗಳೀಕಗಳ ವ್ಯಾಪ್ತಿಯ ಉತ್ತರದ ಅಂಚೂ ಈ ಸೀಮೆಯೇ. ಅವುಗಳಿಗಾಗಿಯೇ 2019ರಲ್ಲಿ ಸರ್ಕಾರ ಇಲ್ಲಿಯ ಶರಾವತಿ ಕಣಿವೆ ಅಭಯಾರಣ್ಯವನ್ನು ಸುಮಾರು 930 ಚದರ ಕಿಲೋಮೀಟರಿಗೆ ವಿಸ್ತರಿಸಿ, ಸಿಂಗಳೀಕದ ಹೆಸರನ್ನೂ ಅದಕ್ಕೆ ಸೇರಿಸಿತು. ಮರದಿಂದ ಮರಕ್ಕೇ ಸಾಗುವ, ನೆಲಕ್ಕಿಳಿಯುವುದೇ ಅಪರೂಪವಾದ ಈ ಪ್ರಾಣಿಗೆ ಸುರಂಗ ಅಡ್ಡಿಯಾಗಲಾರದು ಎನ್ನಬಹುದು. ಸುರಂಗಕ್ಕೆ ಯಂತ್ರ ಸಾಗಿಸುವ ರಸ್ತೆ ಮತ್ತು ಬಗೆದ ಕಲ್ಲುಮಣ್ಣನ್ನು ಸುರಿಯುವ ಜಾಗ ಮಾತ್ರ ನೆಲದಡಿಯಲ್ಲಿರುವುದಿಲ್ಲ.

ನೆಲದಡಿಯ ಕೆಲಸವೂ ನೆಲದಡಿಯಲ್ಲೇ ಮುಗಿಯುವುದಿಲ್ಲ. ಈ ಭಾಗದ ಎಷ್ಟೋ ಮನೆಗಳಿಗೆ ಬಾವಿಗಿಂತ ಅಬ್ಬಿ ನೀರೇ ಆಧಾರ. ಹಿಂದೆ ಅಡಿಕೆ ದಬ್ಬೆಯಲ್ಲಿ, ಈಗ ಕಪ್ಪು ಪೈಪಿನಲ್ಲಿ, ಗುಡ್ಡದ ಒರತೆಯ ನೀರು ಪಂಪಿನ ಹಂಗಿಲ್ಲದೆ ಅಂಗಳಕ್ಕೂ ತೋಟಕ್ಕೂ ಇಳಿದು ಬರುತ್ತದೆ. ಆ ಒರತೆ ಬಂಡೆಯ ಬಿರುಕುಗಳನ್ನು ನಂಬಿಕೊಂಡಿದೆ. ಬಂಡೆ ಸಿಡಿಸಿದಾಗ ನೀರಿನ ದಾರಿ ಎತ್ತ ತಿರುಗೀತು ಎಂಬುದನ್ನು ಮೊದಲೇ ಪರಿಶೀಲಿಸದೆ ಕೆಲಸಕ್ಕಿಳಿದರೆ, ಒರತೆ ಬತ್ತಿದ ಮೇಲೆ ಕಾರಣ ಸಾಬೀತುಪಡಿಸುವ ಹೊರೆ ತೋಟದವನ ತಲೆಗೇ ಬರುತ್ತದೆ. ಉತ್ತರ ಕನ್ನಡ ಜಿಲ್ಲೆಯ ಕಳಚೆಯಲ್ಲಿ 2021ರಲ್ಲಿ, ಶಿರೂರಿನಲ್ಲಿ 2024ರ ಜುಲೈ ತಿಂಗಳಲ್ಲಿ ಗುಡ್ಡ ಕುಸಿದದ್ದು ತಮಗೆ ತಿಳಿದೇ ಇದೆ.

ಸೌರವಿದ್ಯುತ್ ಹೆಚ್ಚಿದಂತೆ ಸಂಜೆಯ ಬೇಡಿಕೆಗೆ ವಿದ್ಯುತ್ತನ್ನು ಕೂಡಿಡುವ ವ್ಯವಸ್ಥೆ ಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪಂಪ್ಡ್ ಸ್ಟೋರೇಜ್ ಘಟಕ ತಾನು ಕೊಡುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ನೀರೆತ್ತಲು ಬಳಸುತ್ತದೆ. 1035 ಮೆಗಾವಾಟಿನ ಶರಾವತಿ, 240 ಮೆಗಾವಾಟಿನ ಗೇರುಸೊಪ್ಪೆ ಸೇರಿದಂತೆ ಹಲವು ವಿದ್ಯುದಾಗಾರಗಳನ್ನು ಈ ಕಣಿವೆ ಆಗಲೇ ಹೊತ್ತಿದೆ. ಇನ್ನೆಷ್ಟು ಹೊರಬಲ್ಲದು ಎಂಬುದನ್ನು ಒಂದೊಂದೇ ಯೋಜನೆಯ ವರದಿಯಿಂದ ಅಳೆಯಲಾಗದು.

ಆದ್ದರಿಂದ, ಅಂಬುತೀರ್ಥದಿಂದ ಹೊನ್ನಾವರದ ಅಳಿವೆಯವರೆಗೆ ಇಡೀ ಕಣಿವೆಯನ್ನು ಒಂದೇ ಘಟಕವಾಗಿ ಪರಿಗಣಿಸಿ ಧಾರಣಾ ಸಾಮರ್ಥ್ಯದ ಅಧ್ಯಯನ ನಡೆಸಬೇಕು. ಸುರಂಗಮಾರ್ಗದ ಆಸುಪಾಸಿನ ಪ್ರತಿ ಒರತೆಯ ನೀರನ್ನೂ ಮಳೆಗಾಲ ಮತ್ತು ಬೇಸಿಗೆ ಎರಡರಲ್ಲೂ ಅಳೆದು ದಾಖಲಿಸಬೇಕು. ಆ ವರದಿಗಳು ಕನ್ನಡದಲ್ಲಿ ಗ್ರಾಮ ಪಂಚಾಯಿತಿಗಳಿಗೆ ತಲುಪಿ, ಶಿವಮೊಗ್ಗ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಗ್ರಾಮಸ್ಥರೊಡನೆ ಚರ್ಚೆಯಾಗುವ ತನಕ ಈ ಇಳಿಜಾರಿನಲ್ಲಿ ಒಂದು ಮರವನ್ನೂ ಕಡಿಯಬಾರದೆಂದು ತಾವು ಲಿಖಿತ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಶರಾವತಿ ಕಣಿವೆಯ ಒಬ್ಬ ನಿವಾಸಿ