ಜಿಎಸ್‌ಟಿ ಹೋಯಿತು, ಬಾಂಡ್ ತೆಗೆದು ನೋಡಿ

ಮಾನ್ಯ ಸಂಪಾದಕರೇ,

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ ಕಂತಿನ ಮೇಲೆ ಜಿಎಸ್‌ಟಿ ಇಲ್ಲ. ಅವಧಿಯೊಳಗೆ ತೀರಿಕೊಂಡರೆ ಮಾತ್ರ ಮನೆಯವರಿಗೆ ಹಣ ಬರುವ ಟರ್ಮ್ ಪಾಲಿಸಿಗೆ ಶೇ 18 ಇತ್ತು, ಅಂದರೆ 10,000 ರೂಪಾಯಿ ಕಂತಿಗೆ 1,800 ತೆರಿಗೆಗೇ ಹೋಗುತ್ತಿತ್ತು. ಉಳಿಯಿತು ಅಂತ ಖುಷಿಪಡುವ ಮೊದಲು ಬೀರುವಿನಲ್ಲಿರುವ ಹಳೇ ಪಾಲಿಸಿ ಬಾಂಡ್ ತೆಗೆದು ನೋಡಿ. ಪರಿಚಯದ ಏಜೆಂಟರ ದಾಕ್ಷಿಣ್ಯಕ್ಕೆ ಯಾವಾಗಲೋ ಮಾಡಿಸಿದ 2 ಲಕ್ಷದ ಎಂಡೋಮೆಂಟ್ ಪಾಲಿಸಿ (ಬದುಕಿದ್ದರೂ ಅವಧಿ ಮುಗಿದಾಗ ಹಣ ಬರುವಂಥದ್ದು), ಈಗಿನ ಸ್ಕೂಲ್ ಫೀಸು, ಮನೆ ಸಾಲದ ಮುಂದೆ ಯಾವ ಮೂಲೆಗೆ ಸಾಲುತ್ತದೆ? ನಾಮಿನಿ ಜಾಗದಲ್ಲಿ ತೀರಿಹೋದ ಅಪ್ಪನ ಹೆಸರೇ ಇದ್ದರೂ ಇರಬಹುದು. ಆಫೀಸಿನ ಗ್ರೂಪ್ ವಿಮೆ ಇದೆಯಲ್ಲ ಅನ್ನಬೇಡಿ, ಕೆಲಸ ಹೋದರೆ ಸಾಮಾನ್ಯವಾಗಿ ಅದೂ ಹೋಗುತ್ತದೆ. ಹಾಗಂತ ಸಿಟ್ಟಿನಲ್ಲಿ ಹಳೇದನ್ನು ಅವಧಿಗೆ ಮೊದಲೇ ಸರೆಂಡರ್ ಮಾಡಬೇಡಿ. ಮೊದಲು ಟರ್ಮ್ ಮಾಡಿಸಿ. ಅಷ್ಟೂ ಆಗದು ಅನ್ನುವ 50 ವರ್ಷದೊಳಗಿನವರಿಗೆ ಬ್ಯಾಂಕಿನಲ್ಲೇ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮಾ ಯೋಜನೆ ಇದೆ, ವರ್ಷಕ್ಕೆ 436 ರೂಪಾಯಿ, 2 ಲಕ್ಷದ ವಿಮೆ.

– ಓದುಗ, ಮೈಸೂರು