ಬಣ್ಣ ಕೆಟ್ಟಿತೆಂದು ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಡಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಚೆನ್ನಾಗಿಯೇ ಓಡುತ್ತಿರುವ ಹಳೆಯ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸಾಗದೆ ವಿಂಡೋಸ್ ಬದಲು ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಗಳಾದ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಸಿಕೊಳ್ಳುವವರಿದ್ದಾರೆ. ಅವರಲ್ಲಿ ಕೆಲವರಿಗೆ ಮೊದಲ ದಿನವೇ ಎದುರಾಗುವ ತೊಂದರೆ ಬಣ್ಣದ್ದು. ಕಪ್ಪು ಬೂದಿಯಂತೆ ಕಾಣುತ್ತದೆ, ಫೋಟೊಗಳು ಕಳೆಗುಂದುತ್ತವೆ, ಇಲ್ಲವೇ ಪರದೆಯೆಲ್ಲ ಹಳದಿಗೆ ತಿರುಗುತ್ತದೆ. ‘ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಹೋಗಿದೆ, ಹೊಸದು ಹಾಕಿಸಿ’ ಎಂಬ ಮಾತಿಗೆ ಹಣ ತೆರುವ ಮೊದಲು ಮನೆಯಲ್ಲೇ ಮಾಡಬಹುದಾದ ಕೆಲವು ಪರೀಕ್ಷೆಗಳನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಸ್ಕ್ರೀನ್‌ಶಾಟ್ ತೆಗೆದು ಮೊಬೈಲ್‌ಗೆ ಕಳಿಸಿ ನೋಡಿ. ಸ್ಕ್ರೀನ್‌ಶಾಟ್ ಸಿದ್ಧವಾಗುವುದು ಚಿತ್ರ ಕೇಬಲ್ ಸೇರುವ ಮೊದಲೇ. ಮೊಬೈಲ್‌ನಲ್ಲಿ ಬಣ್ಣ ಸರಿಯಾಗಿ ಕಂಡರೆ ದೋಷ ಅದರ ಮುಂದಿನ ಹಾದಿಯಲ್ಲಿದೆ: ಗಾಮಾ ಹೊಂದಾಣಿಕೆ (ಪರದೆಗೆ ಹೋಗುವ ಬಣ್ಣ, ಹೊಳಪನ್ನು ತಿದ್ದುವ ಸೆಟ್ಟಿಂಗ್), ಕೇಬಲ್ ಅಥವಾ ಮಾನಿಟರ್. ಮೊಬೈಲ್‌ನಲ್ಲೂ ಕೆಟ್ಟಿದ್ದರೆ ಅಪ್ಲಿಕೇಷನ್ ಇಲ್ಲವೇ ಡ್ರೈವರ್ (ಕಾರ್ಡ್ ನಡೆಸುವ ತಂತ್ರಾಂಶ) ಕಡೆ ನೋಡಬೇಕು. ಆಮೇಲೆ ಯಂತ್ರವನ್ನು ರೀಸ್ಟಾರ್ಟ್ ಮಾಡಿ ಬಯಾಸ್ ಪರದೆ (ಯಂತ್ರದ ಮೂಲ ಸೆಟ್ಟಿಂಗ್‌ಗಳ ಪುಟ) ತೆರೆಯಿರಿ. ಲಿನಕ್ಸ್ ಇನ್ನೂ ಶುರುವೇ ಆಗದ ಆ ಹಂತದಲ್ಲೂ ಬಣ್ಣ ತಪ್ಪಿದ್ದರೆ ಅದು ಕೇಬಲ್, ಮಾನಿಟರ್ ಅಥವಾ ಕಾರ್ಡ್‌ನ ತೊಂದರೆ, ಲಿನಕ್ಸ್‌ನ ಯಾವ ಸೆಟ್ಟಿಂಗ್ ಬದಲಿಸಿದರೂ ಹೋಗದು.

ಕಪ್ಪು ಬೂದಿಯಾಗುವುದಕ್ಕೆ ಕಾರಣ ಬಹುಮಟ್ಟಿಗೆ ಎಚ್‌ಡಿಎಂಐ ಸಂಪರ್ಕದಲ್ಲಿರುತ್ತದೆ. ಹೊಳಪಿನ ಲೆಕ್ಕದಲ್ಲಿ ಕಂಪ್ಯೂಟರ್ ಮಾನಿಟರ್‌ಗೆ 0 ಎಂದರೆ ಕಪ್ಪು, 255 ಎಂದರೆ ಬಿಳುಪು. ಟಿವಿಗಳ ಪದ್ಧತಿಯಲ್ಲಿ ಕಪ್ಪು 16ಕ್ಕೆ, ಬಿಳುಪು 235ಕ್ಕೆ ನಿಲ್ಲುತ್ತದೆ. ಇಂಟೆಲ್‌ನ ಲಿನಕ್ಸ್ ಡ್ರೈವರ್ ‘ಆಟೋಮ್ಯಾಟಿಕ್’ ಸ್ಥಿತಿಯಲ್ಲಿದ್ದಾಗ, 1920×1080, 60 ಹರ್ಟ್ಸ್‌ನಂಥ ಟಿವಿ ರೆಸಲ್ಯೂಷನ್ ಕಂಡರೆ ಟಿವಿ ಪದ್ಧತಿಯಲ್ಲೇ ಚಿತ್ರ ಕಳಿಸುತ್ತದೆ. ಇತ್ತ ಮಾನಿಟರ್ ಆ 16ನ್ನು 16 ಎಂದೇ ಓದುತ್ತದೆ, ಹಾಗಾಗಿ ಕಡುಗಪ್ಪು ಇರಬೇಕಾದಲ್ಲಿ ಬೂದು ಬೀಳುತ್ತದೆ. ಇಲ್ಲಿ ಕೆಟ್ಟದ್ದು ಏನೂ ಇಲ್ಲ, ಎರಡು ತುದಿಗಳ ಲೆಕ್ಕ ಹೊಂದಿಲ್ಲ ಅಷ್ಟೆ.

ಇದನ್ನು ಸರಿಪಡಿಸಲು ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ‘ಎಕ್ಸ್‌ರ್ಯಾಂಡರ್’ ಕಮಾಂಡನ್ನು ‘ಪ್ರಾಪ್’ ಆಯ್ಕೆಯೊಂದಿಗೆ (xrandr --prop) ಕೊಟ್ಟರೆ ಪ್ರತಿ ಪೋರ್ಟ್‌ನ ವಿವರ ಬರುತ್ತದೆ. ಅದರಲ್ಲಿ ‘ಬ್ರಾಡ್‌ಕಾಸ್ಟ್ ಆರ್‌ಜಿಬಿ’ (Broadcast RGB) ಸಾಲನ್ನು ಹುಡುಕಿ, ಅದೇ ಕಮಾಂಡ್‌ನ ‘ಸೆಟ್’ (--set) ಆಯ್ಕೆಯಿಂದ ‘ಫುಲ್’ (Full) ಮಾಡಬೇಕು. ರೀಬೂಟ್ ಆದರೆ ಇದು ಮರೆತುಹೋಗುವುದರಿಂದ ಸ್ಟಾರ್ಟಪ್ ಪಟ್ಟಿಗೆ ಸೇರಿಸುವುದು ಅಗತ್ಯ. ಎನ್‌ವಿಡಿಯಾ ಕಾರ್ಡ್‌ನ ಕಂಪನಿ ಡ್ರೈವರ್ ಇದ್ದವರಿಗೆ ಎನ್‌ವಿಡಿಯಾ ಸೆಟ್ಟಿಂಗ್ಸ್‌ನಲ್ಲಿ ‘ಕಲರ್ ರೇಂಜ್’ ಎಂದೇ ಸಿಗುತ್ತದೆ. ಪರದೆಗೆ ಚಿತ್ರ ಮೂಡಿಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ನ ಸೆಷನ್‌ನಲ್ಲಿ ಎಕ್ಸ್‌ರ್ಯಾಂಡರ್‌ನಿಂದ ಇದನ್ನು ಬದಲಿಸಲು ಆಗುವುದಿಲ್ಲ. ಕೆಡಿಇ ಎಂಬ ಡೆಸ್ಕ್‌ಟಾಪ್ ಬಳಸುವವರು ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ‘ಆರ್‌ಜಿಬಿ ರೇಂಜ್’ ನೋಡಲಿ. ಉಳಿದವರು ಮಾನಿಟರ್‌ನ ಸ್ವಂತ ಮೆನುವಿನಲ್ಲಿ ‘ಬ್ಲ್ಯಾಕ್ ಲೆವೆಲ್’ ಅಥವಾ ‘ರೇಂಜ್’ ಇದೆಯೇ ಎಂದು ಹುಡುಕಲಿ.

ಎಎಂಡಿ ಕಾರ್ಡ್‌ನಲ್ಲಿ ಲಕ್ಷಣ ಬೇರೆ. ಮಾನಿಟರ್ ಒಪ್ಪುತ್ತೇನೆಂದು ಹೇಳಿಕೊಂಡರೆ ಡ್ರೈವರ್ ಎಚ್‌ಡಿಎಂಐನಲ್ಲಿ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಬಿಟ್ಟು ವೈಸಿಬಿಸಿಆರ್ (ಹೊಳಪು, ಬಣ್ಣಗಳನ್ನು ಬೇರ್ಪಡಿಸಿದ) ರೂಪದಲ್ಲಿ ಬಣ್ಣ ಕಳಿಸುವುದುಂಟು. ಮಾನಿಟರ್ ಅದನ್ನು ಆರ್‌ಜಿಬಿ ಎಂದು ತಪ್ಪಾಗಿ ಓದಿದರೆ ಪರದೆಗೆ ಹಸಿರು, ಗುಲಾಬಿ ಛಾಯೆ ಬಳಿದಂತಾಗುತ್ತದೆ. ಡಿಸ್‌ಪ್ಲೇಪೋರ್ಟ್ ಎಂಬ ಇನ್ನೊಂದು ಬಗೆಯ ಸಂಪರ್ಕ ಇದ್ದರೆ ಆ ಕೇಬಲ್‌ಗೆ ಬದಲಾಯಿಸಿ ನೋಡುವುದು ಎಲ್ಲಕ್ಕಿಂತ ಸುಲಭದ ದಾರಿ.

ಹಳೆಯ ಲ್ಯಾಬ್‌ಗಳಲ್ಲಿ ವಿಜಿಎ ಕೇಬಲ್ ಇನ್ನೂ ಇದೆ. ಅದರ ತುದಿಯಲ್ಲಿ ಐದೈದರ ಮೂರು ಸಾಲು, ಒಟ್ಟು 15 ಪಿನ್. ಮೊದಲ ಸಾಲಿನ 1ನೇ ಪಿನ್ ಕೆಂಪು, 2ನೆಯದು ಹಸಿರು, 3ನೆಯದು ನೀಲಿ. ಬಿಳಿ ಪುಟ ತೆರೆದಾಗ ಹಳದಿಯಾಗಿ ಕಂಡರೆ ನೀಲಿ ತಲುಪುತ್ತಿಲ್ಲ, ನೇರಳೆಗೆಂಪಾದರೆ ಹಸಿರು ತಪ್ಪಿದೆ, ಆಕಾಶ ಬಣ್ಣಕ್ಕೆ ತಿರುಗಿದರೆ ಕೆಂಪಿನ ಸರದಿ. ಬಾಗಿದ ಪಿನ್ನನ್ನು ಯಂತ್ರ ಆಫ್ ಮಾಡಿ ಚಿಮ್ಮಟದಿಂದ ನಿಧಾನವಾಗಿ ನೆಟ್ಟಗೆ ಮಾಡಬಹುದು. ನಡುಸಾಲಿನ 9ನೇ ಪಿನ್ ಹಲವು ಕೇಬಲ್‌ಗಳಲ್ಲಿ ತಯಾರಾಗುವಾಗಲೇ ಇರುವುದಿಲ್ಲ. ಅದು ಮುರಿದಿದೆಯೆಂದು ಕೇಬಲ್ ಎಸೆಯಬೇಡಿ. ಸಿಕ್ಕಿಸಿದ ಮೇಲೆ ಎರಡೂ ಬದಿಯ ಸ್ಕ್ರೂ ಬಿಗಿ ಮಾಡಿ. ಎಷ್ಟೋ ‘ಕೆಟ್ಟ ಕಾರ್ಡ್‌’ಗಳು ಅಷ್ಟಕ್ಕೇ ಗುಣವಾಗುತ್ತವೆ.

ಪರದೆ ಸಂಜೆಯಾಗುತ್ತಲೇ ಹಳದಿಯಾಗುತ್ತಿದ್ದರೆ ನೈಟ್ ಲೈಟ್ (ರಾತ್ರಿ ಪರದೆಯ ನೀಲಿ ಬೆಳಕು ತಗ್ಗಿಸುವ ಸೌಲಭ್ಯ) ಆನ್ ಇದೆ. ಸ್ಕ್ರೀನ್‌ಶಾಟ್‌ನಲ್ಲಿ ಇದು ಕಾಣಿಸುವುದಿಲ್ಲ, ಅದರಿಂದಲೇ ಜನ ಮಾನಿಟರ್ ಮೇಲೆ ಅನುಮಾನ ಪಡುತ್ತಾರೆ. ದಿನವಿಡೀ ಛಾಯೆ ಇದ್ದರೆ ಗ್ನೋಮ್ ಡೆಸ್ಕ್‌ಟಾಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಕಲರ್’ ವಿಭಾಗ ತೆರೆದು ಆ ಮಾನಿಟರ್‌ನ ಬಣ್ಣ ತಿದ್ದುವ ಪ್ರೊಫೈಲ್ ಆಫ್ ಮಾಡಿ ನೋಡಿ. ಮಾನಿಟರ್ ತನ್ನ ಬಗ್ಗೆ ಕೊಟ್ಟ ಮಾಹಿತಿ ತಪ್ಪಿದ್ದರೆ ಅದರಿಂದ ಹುಟ್ಟಿದ ಪ್ರೊಫೈಲ್ ಕೂಡ ತಪ್ಪಿರುತ್ತದೆ. ಆಕಾಶದ ಚಿತ್ರದಲ್ಲಿ ಪಟ್ಟೆಪಟ್ಟೆ ಕಾಣುವುದು ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಸಹಜ. ಅವುಗಳ 6 ಬಿಟ್ ಪ್ಯಾನೆಲ್ ಪ್ರತಿ ಮೂಲಬಣ್ಣಕ್ಕೆ 64 ಹಂತಗಳನ್ನಷ್ಟೇ ತೋರಿಸಬಲ್ಲದು.

ಹಾಗಾದರೆ ಕಾರ್ಡ್ ಹಾಳಾಗುವುದೇ ಇಲ್ಲವೇ? ಆಗುತ್ತದೆ, ಆದರೆ ಅದರ ಗುರುತೇ ಬೇರೆ. ಬಯಾಸ್ ಪರದೆಯಲ್ಲೇ ಬಣ್ಣಬಣ್ಣದ ಚೌಕಗಳು, ಉದ್ದುದ್ದ ಗೆರೆಗಳು ಮೂಡುತ್ತವೆ, ಕಾರ್ಡ್ ಬಿಸಿಯಾದಷ್ಟೂ ಹೆಚ್ಚುತ್ತವೆ, ಬೇರೆ ಕೇಬಲ್, ಬೇರೆ ಮಾನಿಟರ್ ಹಾಕಿದರೂ ಹಾಗೇ ಉಳಿಯುತ್ತವೆ. ರಿಪೇರಿ ಅಂಗಡಿಯವರು ಹೊಸ ಕಾರ್ಡ್‌ನ ದರ ಹೇಳುವ ಮುನ್ನ ಇನ್ನೊಂದು ಕೇಬಲ್, ಇನ್ನೊಂದು ಮಾನಿಟರ್ ಹಾಕಿ ಗಿರಾಕಿಯ ಕಣ್ಣೆದುರೇ ತೋರಿಸಲಿ. ಅದಕ್ಕೆ ಹತ್ತು ನಿಮಿಷವೂ ಬೇಡ.

— ಲಿನಕ್ಸ್ ಬಳಕೆದಾರರೊಬ್ಬರು, ದಾವಣಗೆರೆ