‘ತಾನೆ’ ಬಿಟ್ಟು ಕೇಳಲು ಕಲಿಸಿ

ಮಾನ್ಯ ಸಂಪಾದಕರೇ,

ಆತ್ಮಹತ್ಯೆಯ ಅಪಾಯ ಸೂಚನೆಗಳನ್ನು ಬರೆಯಿರಿ ಎಂದರೆ ವೈದ್ಯಕೀಯ, ನರ್ಸಿಂಗ್ ವಿದ್ಯಾರ್ಥಿಗಳು ಪುಟ ತುಂಬಿಸುತ್ತಾರೆ. ರೋಗಿಯ ಎದುರು ಕೂತಾಗ ಮಾತ್ರ ‘ಸಾಯಬೇಕು ಅನ್ನಿಸಿದೆಯಾ?’ ಎಂದು ಕೇಳಲು ನಾಲಿಗೆ ಏಳುವುದಿಲ್ಲ. ‘ಅಂಥ ಯೋಚನೆಯೇನೂ ಇಲ್ಲ ತಾನೆ?’ ಎಂದು ಮುಗಿಸಿಬಿಡುತ್ತಾರೆ. ಆ ‘ತಾನೆ’ಯೊಳಗೇ ಉತ್ತರ ಕೂತಿರುತ್ತದೆ. ರೋಗಿ ‘ಇಲ್ಲ’ ಎಂದು ತಲೆಯಾಡಿಸುತ್ತಾರೆ, ಕೇಸ್ ಶೀಟಿನಲ್ಲೂ ಅದೇ ದಾಖಲಾಗುತ್ತದೆ. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಅಂಜಿಕೆ ಇದಕ್ಕೆ ಕಾರಣ. ಅಧ್ಯಯನಗಳಲ್ಲಿ ಈ ಅಂಜಿಕೆಗೆ ಆಧಾರ ಸಿಕ್ಕಿಲ್ಲ.

ಉಪನ್ಯಾಸದಿಂದ ಇದು ಬರುವುದಿಲ್ಲ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ತಡವರಿಕೆ ಹೋಗುವವರೆಗೆ ಆ ಪ್ರಶ್ನೆಯನ್ನು ಗಟ್ಟಿಯಾಗಿ ಹೇಳಿಸಬೇಕು. ಕೇಳಿದ ಮೇಲೆ ಸುಮ್ಮನಿರುವುದನ್ನೂ ಕಲಿಸಬೇಕು, ಅದು ಇನ್ನೂ ಕಷ್ಟ. ‘ಹೌದು’ ಎಂದರೆ ಮುಂದಿನ ಪ್ರಶ್ನೆಗಳು: ಎಷ್ಟು ಸಲ, ಯೋಜನೆ ಇದೆಯೇ, ಹಿಂದೆ ಪ್ರಯತ್ನಿಸಿದ್ದುಂಟೇ, ಇವತ್ತು ಹೇಗಿದೆ? ‘ಹಾಗೆ ಮಾಡಿಕೊಳ್ಳುವುದಿಲ್ಲ’ ಎಂದು ಆಣೆ ಹಾಕಿಸಿಕೊಳ್ಳುವ ಹಳೇ ಚಾಳಿ ಬಿಡಬೇಕು. ಅದು ಪ್ರಾಣ ಉಳಿಸುತ್ತದೆ ಎನ್ನಲು ಪುರಾವೆಯಿಲ್ಲ. ಅದರ ಬದಲು ರೋಗಿಯ ಮಾತಿನಲ್ಲೇ ಒಂದು ಪುಟದ ಸುರಕ್ಷತಾ ಯೋಜನೆ ಬರೆಯಿಸಲಿ: ಸಂಕಟ ಏರುವ ಸೂಚನೆ, ತಾನೇ ಮಾಡಿಕೊಳ್ಳಬಹುದಾದ್ದು, ಮನಸ್ಸು ಬೇರೆಡೆ ಹೊರಳಿಸುವ ಜನ ಮತ್ತು ಜಾಗ, ನೆರವು ಕೇಳಬಹುದಾದ ಆಪ್ತರು, ವೃತ್ತಿಪರರ ಫೋನ್ ನಂಬರು, ಮನೆಯಿಂದ ಅಪಾಯಕಾರಿ ವಸ್ತುಗಳನ್ನು ತೆಗೆಸುವುದು. ಕೊನೆಯದನ್ನು ಮನೆಯವರ ಮುಂದೆಯೇ ಮಾತಾಡಬೇಕು. ಹೆಚ್ಚಾಗಿ ಬಿಟ್ಟುಹೋಗುವುದೂ ಅದೇ.

ವ್ಯಸನ ಚಿಕಿತ್ಸೆಯನ್ನು ಬೇರೆ ಪಾಠವಾಗಿ ಇಡುವುದು ಇನ್ನೊಂದು ತಪ್ಪು. ಕುಡಿದು ಬಂದವರು ಸಾಯುವ ಮಾತಾಡಿದರೆ ‘ಮತ್ತಿನ ಮಾತು’ ಎಂದು ತಳ್ಳಿಹಾಕುತ್ತಾರೆ. ಮತ್ತಿನಲ್ಲೇ ತಡೆ ಸಡಿಲವಾಗುವುದು. ಆಗಲೂ ಕಾವಲಿರಬೇಕು, ಮತ್ತಿಳಿದ ಮೇಲೆ ಮತ್ತೆ ಕೇಳಬೇಕು. ಮೂಳೆ ಮುರಿದು ದಾಖಲಾದವರ ಕುಡಿತದ ಬಗ್ಗೆ ಯಾರೂ ಕೇಳಿರುವುದಿಲ್ಲ. ಆಸ್ಪತ್ರೆಯಲ್ಲಿ ಕುಡಿತ ಏಕಾಏಕಿ ನಿಂತು, ಮೂರನೇ ದಿನ ಬೆವರಿ, ನಡುಗಿ, ಗೋಡೆ ಮೇಲೆ ಹುಳ ಹರಿಯುತ್ತಿವೆ ಎನ್ನುತ್ತಾರೆ. ಕೊನೆಯ ಗುಟುಕಿನಿಂದ 6ರಿಂದ 48 ಗಂಟೆಯೊಳಗೆ ಫಿಟ್ಸ್, 48 ಗಂಟೆಯ ನಂತರ ಸನ್ನಿ: ಈ ಲೆಕ್ಕ ವಿದ್ಯಾರ್ಥಿಗೆ ಬಾಯಿಪಾಠವಿರಬೇಕು. ಇಂಥವರಿಗೆ ಗ್ಲೂಕೋಸ್ ಏರಿಸುವಾಗ ಥಯಾಮಿನ್ (ವಿಟಮಿನ್ ಬಿ1) ಮರೆತರೆ ಮಿದುಳಿಗೇ ಪೆಟ್ಟು. ಅಫೀಮು ಗುಂಪಿನ ಮಾದಕ ಬಿಟ್ಟು ಮನೆಗೆ ಹೋದವರಿಗೆ ಹಳೆಯ ಪ್ರಮಾಣವೇ ಮಾರಕವಾಗಬಹುದು, ದೇಹ ಆ ತಾಳಿಕೆ ಕಳೆದುಕೊಂಡಿರುತ್ತದೆ. ಇದನ್ನು ಬಿಡುಗಡೆಗೆ ಮುನ್ನವೇ ಹೇಳಬೇಕು. ಈ ಮಾದಕ ಅತಿಯಾದಾಗ ಅದರ ಪರಿಣಾಮ ತಡೆಯುವ ಔಷಧಿ ನಲಾಕ್ಸೋನ್ ಕೊಟ್ಟು ಎಚ್ಚರವಾಯಿತೆಂದು ಕೂಡಲೇ ಕಳಿಸುವಂತಿಲ್ಲ. ಮಾದಕಕ್ಕಿಂತ ಮೊದಲೇ ಔಷಧಿಯ ಪ್ರಭಾವ ಇಳಿದು ಉಸಿರು ಮತ್ತೆ ಕುಗ್ಗಬಹುದು.

ಇವಕ್ಕೆಲ್ಲ ಪ್ರಾಯೋಗಿಕ ಪರೀಕ್ಷೆಯಲ್ಲಿ ಅಂಕವಿರಲಿ. ಅಂಕವಿಲ್ಲದ್ದನ್ನು ಯಾರೂ ಕಲಿಯುವುದಿಲ್ಲ. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ಪರೀಕ್ಷಿಸಿದ ಕ್ರಮವೊಂದಿದೆ: ಒಂದು ಗಂಟೆ ಮಾತುಕತೆ, ಆಮೇಲೆ 18 ತಿಂಗಳಲ್ಲಿ ಫೋನ್ ಅಥವಾ ಭೇಟಿಯ ಮೂಲಕ 9 ಸಲ ಸಂಪರ್ಕ. ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳಿಂದಲೇ ಈ ಕರೆಗಳನ್ನು ಮಾಡಿಸಬಹುದು. ಡಿಸ್ಚಾರ್ಜ್ ನಂತರದ ಮೊದಲ ವಾರದಲ್ಲೇ ಅಪಾಯ ಹೆಚ್ಚು. ಮೊದಲ ಕರೆಯ ದಿನಾಂಕ, ಮಾಡುವವರ ಹೆಸರು ಡಿಸ್ಚಾರ್ಜ್ ಚೀಟಿಯಲ್ಲೇ ಬರೆದಿರಬೇಕು. ಇಲ್ಲವಾದರೆ ಅದು ಯಾರ ಕೆಲಸವೂ ಆಗಿರುವುದಿಲ್ಲ.

– ಮಾನಸಿಕ ಆರೋಗ್ಯ ತರಬೇತುದಾರರು